ಎಡವೋ ಬಲವೋ ಬಿಡಿ, ಕಾಯ್ದೆ ಯಾವುದೆಂದು ಹೇಳಿ

ಪ್ರಶ್ನೆ: ನನ್ನ ಹೊಲ ಯಾರಿಗೆ ಮಾರಬೇಕು ಅನ್ನೋದು ನನ್ನಿಷ್ಟ. ಮಗಳು ಬೇರೆ ಜಾತಿಯವನನ್ನು ಮದುವೆಯಾದರೆ ಅದು ಅವಳಿಷ್ಟ. ಮೊದಲ ಮಾತಿಗೆ ಗೆಳೆಯರು ಬಲಪಂಥೀಯ ಅಂತಾರೆ, ಎರಡನೆಯದಕ್ಕೆ ಎಡಪಂಥೀಯ. ನಾನು ಯಾವ ಕಡೆಯವನು? (ರೈತ, ಸಿಂಧನೂರು)

ಉತ್ತರ: ಇದನ್ನು ಕೇಳುವವರಿಗೆ ಕೊನೆಯೇ ಇಲ್ಲ. ನಿಮ್ಮಲ್ಲಿ ಗೊಂದಲವೇನೂ ಇಲ್ಲ, ಅಳೆಯುವ ಕೋಲು ಹಳೆಯದು. 1789ರಲ್ಲಿ ಫ್ರಾನ್ಸಿನ ಸಭೆಯಲ್ಲಿ ದೊರೆಗೆ ವಿಟೊ (ಸಭೆಯ ಕಾಯ್ದೆಯನ್ನು ತಡೆಯುವ) ಅಧಿಕಾರ ಇರಲಿ ಎಂದವರು ಅಧ್ಯಕ್ಷರ ಬಲಕ್ಕೆ ಕೂತರು, ವಿರೋಧಿಸಿದವರು ಎಡಕ್ಕೆ. ಒಂದೇ ತಕರಾರಿಗೆ ಆ ಒಂದು ಗೆರೆ ಸಾಕಿತ್ತು. ಭೂಮಿ, ಮದುವೆ, ದನ, ನೀರು ಎಲ್ಲವೂ ಅದರ ಮೇಲೆ ಕೂರುವುದಿಲ್ಲ. ಅಮೆರಿಕದ ರಾಜಕೀಯ ಕಾರ್ಯಕರ್ತ ಡೇವಿಡ್ ನೋಲನ್ 1971ರಲ್ಲಿ ಎರಡು ಗೆರೆಗಳ ನಕ್ಷೆ ಪ್ರಕಟಿಸಿದ: ಒಂದು ಆರ್ಥಿಕ ಸ್ವಾತಂತ್ರ್ಯಕ್ಕೆ, ಇನ್ನೊಂದು ವೈಯಕ್ತಿಕ ಸ್ವಾತಂತ್ರ್ಯಕ್ಕೆ.

ನೀವೂ ಹಾಗೇ ಎಳೆಯಿರಿ. ಆದರೆ ಪಕ್ಷದ ಹೆಸರು ಬರೆಯಬೇಡಿ, ಒಂದೊಂದೇ ಕಾಯ್ದೆ ಬರೆಯಿರಿ. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ರಾಜ್ಯ ಸರ್ಕಾರ 2020ರಲ್ಲಿ ತೆಗೆಯಿತು. ಅದೇ ಸರ್ಕಾರದ 2020ರ ಗೋಹತ್ಯೆ ನಿಷೇಧ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದ ದನಗಳನ್ನು ಕಸಾಯಿಗೆ ಮಾರದಂತೆ ಮಾಡಿತು. ಹೊಲ ಮಾರಲು ಬಿಟ್ಟಿತು, ಮುದಿ ಎತ್ತು ಮಾರಲು ಬಿಡಲಿಲ್ಲ. ಇಂದಿರಾ ಗಾಂಧಿ ಸರ್ಕಾರ 1969ರಲ್ಲಿ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು, 1975ರಲ್ಲಿ ತುರ್ತು ಪರಿಸ್ಥಿತಿ ಹೇರಿತು. ಎರಡೂ ಗೆರೆಗಳಲ್ಲಿ ಕೆಳಕ್ಕೇ. ಪಕ್ಷದ ಹೆಸರಿನಿಂದ ಇದ್ಯಾವುದೂ ತಿಳಿಯುವುದಿಲ್ಲ.

ಇಷ್ಟಕ್ಕೇ ನಿಲ್ಲಿಸುವವರು ಎಡವುತ್ತಾರೆ. ನೋಲನ್ ನಕ್ಷೆಯಲ್ಲಿ ಇಲ್ಲದ ಮೂರನೆಯ ಗೆರೆ ಒಂದು ಬೇಕು: ನನ್ನ ಸ್ವಾತಂತ್ರ್ಯಕ್ಕೆ ನಷ್ಟ ಯಾರಿಗೆ? ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಅರೆನೀರಾವರಿಗೆ, ಅಂದರೆ ಕಡಿಮೆ ನೀರಿನ ಬೆಳೆಗೆ, ಗೊತ್ತುಮಾಡಿದ ಜಮೀನಿಗೆ ಭತ್ತ ಹಚ್ಚಿದರೆ ಮಾನ್ವಿ, ರಾಯಚೂರು ಕಡೆಯ ಕೆಳಭಾಗಕ್ಕೆ ನೀರು ಮುಟ್ಟದು. ಅಲ್ಲಿ ‘ನನ್ನ ಹೊಲ, ನನ್ನ ಬೆಳೆ’ ಎಂಬ ಮಾತು ನಡೆಯಬಾರದು. ಅದು ಇನ್ನೊಬ್ಬ ರೈತನ ಪಾಲಿನ ನೀರು. ಮಗಳ ಮದುವೆಯಿಂದ ಯಾರ ಪಾಲೂ ಹೋಗದು. ಹೊಲ ಮಾರುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಅನುಮತಿ ಬೇಕು. ಆ ತಡೆ ಇರಲೇಬೇಕು ಎಂಬುದು ನನ್ನ ನಿಲುವು.

ಪ್ರಶ್ನೆ: ಮೊಬೈಲಿನಲ್ಲಿ ರಾಜಕೀಯ ನಿಲುವು ಹೇಳುವ ಹತ್ತು ಪ್ರಶ್ನೆಯ ಪರೀಕ್ಷೆ ನನ್ನನ್ನು ‘ಸ್ವಾತಂತ್ರ್ಯವಾದಿ’ ಎಂದಿತು. ನಂಬಲೇ? (ಗಂಗಾವತಿ)

ಉತ್ತರ: ಜಾತಿಯ ಬಗ್ಗೆ ಒಂದೂ ಪ್ರಶ್ನೆ ಕೇಳದ ಪರೀಕ್ಷೆ ನಮ್ಮೂರಿಗೆ ಹೊಂದದು. ಅಳಿಸಿಹಾಕಿ.

ಪ್ರಶ್ನೆ: ಸ್ವಾತಂತ್ರ್ಯ ಎಂದರೆ ತೆರಿಗೆ ಕಟ್ಟದಿರುವುದೇ? (ಕೊಪ್ಪಳ)

ಉತ್ತರ: ಅಲ್ಲ.

ಪ್ರಶ್ನೆ: ವಿಶೇಷ ವಿವಾಹಕ್ಕೆ ಅಪ್ಪ-ಅಮ್ಮನ ಸಹಿ ಬೇಕಂತೆ? (ಸಿರುಗುಪ್ಪ)

ಉತ್ತರ: ಬೇಡ. ಹಾಗೆ ಹೇಳಿ ದುಡ್ಡು ಕೇಳುವ ದಲ್ಲಾಳಿಗಳನ್ನು ದೂರವಿಡಿ. 1954ರ ವಿಶೇಷ ವಿವಾಹ ಕಾಯ್ದೆಯಂತೆ ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಇಬ್ಬರಲ್ಲೊಬ್ಬರು ಮದುವೆಯ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಮುಂಚಿನ ಕನಿಷ್ಠ 30 ದಿನ ವಾಸವಿರಬೇಕು. ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ತಕರಾರಿಗೆ 30 ದಿನ ಅವಕಾಶ. ಜಾತಿ, ಧರ್ಮ ಬೇರೆ ಎಂಬುದು ತಕರಾರಿಗೆ ಕಾರಣವಾಗದು. ಮನೆಯವರ ಭಯವಿದ್ದರೆ ನೋಟಿಸ್ ಕೊಡುವ ಮೊದಲೇ ವಕೀಲರನ್ನು ಕಾಣಿ, ಪೊಲೀಸ್ ರಕ್ಷಣೆಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್ ಕೊಡಬೇಕಾಗುತ್ತದೆ.