ಸಂಪಾದಕರ ಉತ್ತರ: ಶಾಪಕ್ಕೆ ಅಂಜದ ಕಳ್ಳ

ಓದುಗರ ಪತ್ರ: ತಾವು ಓದಿದ ಎಂಜಿನಿಯರಿಂಗ್ ಕಾಲೇಜಿಗೆ ವಿದ್ಯಾರ್ಥಿವೇತನದ ದತ್ತಿ ನಿಧಿ ಕೊಟ್ಟ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕಳೆದ ಸಂಚಿಕೆಯಲ್ಲಿ ಬಾಯ್ತುಂಬ ಹೊಗಳಿದ್ದೀರಿ. ಅಸಲನ್ನು ಹೂತಿಟ್ಟು ಬಡ್ಡಿಯ ಚೂರನ್ನು ಮಾತ್ರ ಹಂಚುವುದು ದಾನವೇ? ಅದೇ ಹಣದಲ್ಲಿ ನಲವತ್ತು ಮಕ್ಕಳ ಶುಲ್ಕವನ್ನು ಇಂದೇ ಕಟ್ಟಬಹುದಿತ್ತು. ಇದು ಹೆಸರು ಉಳಿಸಿಕೊಳ್ಳುವ ಹಂಬಲವಲ್ಲದೆ ಮತ್ತೇನು? ನಾನೂ ನಿವೃತ್ತ ಎಂಜಿನಿಯರ್. ನನ್ನ ಕಾಲೇಜಿಗೆ ಏನಾದರೂ ಕೊಡಬೇಕೆಂದಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಕೊನೆಯ ಸಾಲೊಂದು ಇಲ್ಲದಿದ್ದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ನೀವು ಕೊಡಲು ಹೊರಟಿದ್ದೀರಿ ಎಂದ ಮೇಲೆ ಸ್ವಲ್ಪ ಕುಳಿತು ಮಾತನಾಡಬೇಕು.

ಮೊದಲು ನಮ್ಮ ತಪ್ಪು. ಆ ಲೇಖನದಲ್ಲಿ ‘ಶಾಶ್ವತ’ ಎಂಬ ಪದ ಮೂರು ಸಲ ಬಂದಿದೆ. ಮೂರನ್ನೂ ನಾನು ಹೊಡೆದು ಹಾಕಬೇಕಿತ್ತು. ನಮ್ಮ ಶಾಸನಗಳು ದತ್ತಿಯನ್ನು ‘ಆಚಂದ್ರಾರ್ಕ’ ಎಂದು, ಸೂರ್ಯಚಂದ್ರರು ಇರುವವರೆಗೂ ಎಂದು ಬಿಡುತ್ತಿದ್ದವು. ಕೊನೆಗೊಂದು ಶಾಪವನ್ನೂ ಕೆತ್ತಿಸುತ್ತಿದ್ದರು: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಕಳ್ಳನನ್ನು ಹೆದರಿಸಲು ಅಷ್ಟು ಸಾಕಿತ್ತೇನೋ. ಆದರೆ ಇಂದಿನ ದತ್ತಿಯನ್ನು ತಿನ್ನುವ ಕಳ್ಳ ಯಾವ ಶಾಪಕ್ಕೂ ಅಂಜುವುದಿಲ್ಲ. ಅವನ ಹೆಸರು ಹಣದುಬ್ಬರ.

ಎಂಜಿನಿಯರಿಗೆ ಲೆಕ್ಕ ಹೇಳಲು ಸಂಕೋಚವೇನೂ ಇಲ್ಲ. ಅಸಲು ನೂರು, ಗಳಿಕೆ ವರ್ಷಕ್ಕೆ ಎಂಟು, ಬೆಲೆ ಏರುವುದು ಶೇಕಡ 5ರಂತೆ ಎಂದುಕೊಳ್ಳಿ. ಎಂಟನ್ನೂ ಹಂಚಿಬಿಟ್ಟರೆ ಹದಿನಾಲ್ಕು ವರ್ಷಕ್ಕೆ ಆ ಎಂಟರ ಬೆಲೆ ಇಂದಿನ ನಾಲ್ಕು. ಇಪ್ಪತ್ತೆಂಟು ವರ್ಷಕ್ಕೆ ಎರಡು. ಅಸಲಿನಲ್ಲಿ ಒಂದು ಕಾಸೂ ಕರಗಿಲ್ಲ ಎಂದು ಲೆಕ್ಕ ಪರಿಶೋಧಕರು ಪ್ರತಿ ವರ್ಷ ಸಹಿ ಹಾಕುತ್ತಲೇ ಇರುತ್ತಾರೆ. ಹಿಂದೊಮ್ಮೆ ನಾನು ಇಂಥ ಒಂದು ಆಯ್ಕೆ ಸಮಿತಿಯಲ್ಲಿ ಕುಳಿತಿದ್ದೆ. ಒಂದು ಹಳೆಯ ನಿಧಿಯ ಬಹುಮಾನಕ್ಕಿಂತ ಅದರ ಪ್ರಮಾಣಪತ್ರಕ್ಕೆ ಹಾಕಿಸಿದ ಚೌಕಟ್ಟಿನ ಬೆಲೆ ಹೆಚ್ಚಾಗಿತ್ತು. ನಾವೆಲ್ಲ ಗಂಭೀರವಾಗಿ ಚಪ್ಪಾಳೆ ತಟ್ಟಿದೆವು.

ಹಾಗಾದರೆ ಮೂರನ್ನು ಹಂಚಿ ಐದನ್ನು ಅಸಲಿಗೆ ಸೇರಿಸಿದರೆ? ಆಗ ಕೊಳ್ಳುವ ಶಕ್ತಿ ಕುಂದುವುದಿಲ್ಲ. ನೀವು ‘ಬಡ್ಡಿಯ ಚೂರು’ ಎಂದು ಹೀಯಾಳಿಸಿದ್ದು ಈ ಮೂರನ್ನೇ. ಆ ಚೂರು ಬೆಳೆದು ಮೊದಲಿನ ಎಂಟನ್ನು ಹಿಂದೆ ಹಾಕಲು ಸುಮಾರು ಇಪ್ಪತ್ತು ವರ್ಷ ಬೇಕು. ಅಲ್ಲಿಯವರೆಗಿನ ಇಪ್ಪತ್ತು ತಂಡಗಳ ಮಕ್ಕಳು ಕಡಿಮೆ ಪಡೆಯುತ್ತಾರೆ ಎಂಬುದೂ ನಿಜ, ಅದನ್ನು ಮುಚ್ಚಿಡಬಾರದು. ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1974ರಲ್ಲಿ ಬರೆದದ್ದು ಈ ಕುರಿತೇ: ಇಂದಿನವರ ಬೇಡಿಕೆಯ ಎದುರು ನಾಳಿನವರ ಪರ ನಿಲ್ಲುವುದು ನಿಧಿಯ ಧರ್ಮದರ್ಶಿಗಳ ಕೆಲಸ. ಸಮಸ್ಯೆಯೆಂದರೆ, ನಾಳಿನವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ.

ನಿಮ್ಮ ನಲವತ್ತು ಮಕ್ಕಳ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಹಣವನ್ನು ಹತ್ತು ವರ್ಷದಲ್ಲಿ ಪೂರ್ತಿ ಖರ್ಚು ಮಾಡಿ ಕೈತೊಳೆದುಕೊಳ್ಳುವುದೂ ಮರ್ಯಾದೆಯ ದಾರಿಯೇ. ಆದರೆ ಎಂಜಿನಿಯರಿಂಗ್ ಒಂದು ವರ್ಷದ ಓದಲ್ಲ. ಮೊದಲ ವರ್ಷದ ಶುಲ್ಕ ಕಟ್ಟಿ ಮಾಯವಾದ ದಾನಿಗಿಂತ ಸಾಲ ಕೊಟ್ಟವನೇ ವಾಸಿ. ಅವನು ಎಲ್ಲಿ ಸಿಗುತ್ತಾನೆಂದಾದರೂ ಗೊತ್ತಿರುತ್ತದೆ. ನಲವತ್ತು ಮಂದಿಗೆ ಒಂದು ವರ್ಷ ಕೊಡುವ ಬದಲು ಹತ್ತು ಮಂದಿಗೆ ನಾಲ್ಕು ವರ್ಷ ಕೊಡಿ.

ಎರಡೂ ದಾರಿಗಳಲ್ಲಿ ಹಣದ ಮೊತ್ತಕ್ಕಿಂತ ದತ್ತಿ ಪತ್ರದ ಬರಹವೇ ದೊಡ್ಡದು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ವಿಷಯ ಕೇಳಿ. 1790ರಲ್ಲಿ ತೀರಿಕೊಂಡಾಗ ಅವರು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ ಸಾವಿರ ಪೌಂಡ್ ಬಿಟ್ಟುಹೋದರು. ಕೆಲಸ ಕಲಿತ, ಇಪ್ಪತ್ತೈದು ವಯಸ್ಸಿನೊಳಗಿನ, ಮದುವೆಯಾದ ಕುಶಲಕರ್ಮಿಗಳಿಗೆ ಶೇಕಡ 5ರ ಬಡ್ಡಿಗೆ ಸಾಲ ಕೊಡಬೇಕು; ನೂರು ವರ್ಷಕ್ಕೆ ಒಂದು ಪಾಲು ಊರ ಕೆಲಸಕ್ಕೆ, ಉಳಿದದ್ದು ಇನ್ನೂ ನೂರು ವರ್ಷ ಬೆಳೆಯಲಿ ಎಂಬುದು ಉಯಿಲು. ಆದರೆ ಕಾರ್ಖಾನೆಗಳು ಬಂದವು. ಗುರುವಿನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು ಕಸುಬು ಕಲಿಯುವ ಪದ್ಧತಿಯೇ ಸವೆದುಹೋಯಿತು, ಸಾಲ ಕೇಳುವವರು ವಿರಳವಾದರು. ಬಾಸ್ಟನ್ ತನ್ನ ಮೊದಲ ಶತಮಾನದ ಪಾಲಿನಿಂದ ತಾಂತ್ರಿಕ ಶಾಲೆ ಕಟ್ಟಿತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಅದಕ್ಕೆ ನೆರವಾದರು. 1908ರಲ್ಲಿ ತೆರೆದ ಆ ಸಂಸ್ಥೆ ಇಂದಿಗೂ ತಾಂತ್ರಿಕ ಶಿಕ್ಷಣ ಕೊಡುತ್ತಿದೆ. ಇನ್ನೂರು ವರ್ಷ ತುಂಬಿದ 1990ರಲ್ಲಿ ಬಾಸ್ಟನ್‌ನಲ್ಲಿ ಸುಮಾರು 45 ಲಕ್ಷ ಡಾಲರ್ ಇತ್ತು, ಫಿಲಡೆಲ್ಫಿಯಾದಲ್ಲಿ ಸುಮಾರು 20 ಲಕ್ಷ. ಒಬ್ಬನೇ ದಾನಿ, ಒಂದೇ ಮೊತ್ತ, ಒಂದೇ ಉಯಿಲು. ವ್ಯತ್ಯಾಸ ಕಾಪಾಡಿದವರದು.

ಷರತ್ತುಗಳ ಹುಚ್ಚಿಗೂ ಕೊನೆಯಿಲ್ಲ. ಹಾರ್ವರ್ಡ್‌ನ ಹಳೆಯ ವಿದ್ಯಾರ್ಥಿ ಮರ್ಫಿ ಎಂಬುವರು ಮರ್ಫಿ ಎಂಬ ಅಡ್ಡಹೆಸರಿನವರ ಓದಿಗೆಂದೇ ನಿಧಿ ಬಿಟ್ಟರು. ಅದು ನಗೆಯ ಮಾತಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 1920ರಲ್ಲಿ ಒದಗಿದ ಇನ್ನೊಂದು ನಿಧಿ ಅಯೋವಾ ರಾಜ್ಯದ ಬಿಳಿಯರಿಗೆ ಮಾತ್ರ, ಅದರಲ್ಲೂ ಕಾನೂನು, ವೈದ್ಯಕೀಯ ಓದುವವರಿಗೆ ಇಲ್ಲ ಎಂದಿತ್ತು. ಆ ವರ್ಣಭೇದದ ಷರತ್ತನ್ನು ತೆಗೆಸಲು ವಿಶ್ವವಿದ್ಯಾಲಯ 2013ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ನೀವು ಅಂಥದ್ದೇನೂ ಬರೆಯುವವರಲ್ಲ. ಆದರೂ ‘ನಾನು ಓದಿದ ವಿಭಾಗಕ್ಕೆ ಮಾತ್ರ’ ಎಂದು ಬರೆಯುವ ಆಸೆ ಬಂದೇ ಬರುತ್ತದೆ. ಎಂಜಿನಿಯರಿಂಗ್ ವಿಭಾಗಗಳು ಹುಟ್ಟುತ್ತವೆ, ಬೆರೆಯುತ್ತವೆ, ಹೆಸರು ಬದಲಿಸುತ್ತವೆ, ಮುಚ್ಚುತ್ತವೆ. ‘ಆ ವಿಭಾಗ ಇಲ್ಲದಿದ್ದರೆ ಅದಕ್ಕೆ ಹತ್ತಿರದ ವಿಭಾಗಕ್ಕೆ, ಕಾಲೇಜಿನ ಆಡಳಿತ ಮಂಡಳಿ ನಿರ್ಧರಿಸಿದಂತೆ’ ಎಂಬ ಒಂದು ಸಾಲು ನಿಮ್ಮ ಮೊಮ್ಮಕ್ಕಳನ್ನು ವಕೀಲರ ಮನೆಯಿಂದ ದೂರವಿಡುತ್ತದೆ.

ಇನ್ನು ರ‍್ಯಾಂಕ್. ಮೊದಲ ರ‍್ಯಾಂಕಿನವರಿಗೆ ಪದಕ ಕೊಡಿ, ಸಂತೋಷ. ಬದುಕು ಅಲ್ಲಾಡುತ್ತಿರುವುದು ಬೇರೆಯವರದು: ಮೊದಲ ವರ್ಷದ ಗಣಿತದಲ್ಲಿ ಒಂದು ಪತ್ರಿಕೆ ಉಳಿಸಿಕೊಂಡು, ಮನೆಗೆ ಹೇಳಲಾಗದೆ, ಶುಲ್ಕದ ಕೊನೆಯ ದಿನ ಎಣಿಸುತ್ತಿರುವ ವಿದ್ಯಾರ್ಥಿಯದು. ‘ಒಂದು ವಿಷಯದಲ್ಲಿ ಅನುತ್ತೀರ್ಣರಾದರೂ ವೇತನ ರದ್ದು’ ಎಂಬ ನಿಯಮ ಶಿಸ್ತಿನಂತೆ ಕಾಣುತ್ತದೆ. ಆಸರೆ ಅತ್ಯಂತ ಬೇಕಾದ ಸೆಮಿಸ್ಟರಿನಲ್ಲೇ ಅದು ಕೈಬಿಡುತ್ತದೆ. ಸುಧಾರಿಸಿಕೊಳ್ಳಲು ಒಂದು ಸೆಮಿಸ್ಟರ್ ಬಿಡಿ. ಶುಲ್ಕವೊಂದೇ ಖರ್ಚಲ್ಲ ಎಂಬುದೂ ನಿಮಗೆ ನೆನಪಿರಬೇಕು; ನಿಮ್ಮ ಕಾಲದಲ್ಲಿ ನಕ್ಷೆ ಬರೆಯುವ ಡ್ರಾಫ್ಟರ್ ಇದ್ದಲ್ಲಿ ಈಗ ಲ್ಯಾಪ್‌ಟಾಪ್ ಕುಳಿತಿದೆ. ಹಾಸ್ಟೆಲ್, ಪ್ರಾಜೆಕ್ಟಿನ ಬಿಡಿಭಾಗಗಳಿಗೂ ಹಣ ಬಳಸಬಹುದು ಎಂದು ಸ್ಪಷ್ಟವಾಗಿ ಬರೆಯದಿದ್ದರೆ ಕಚೇರಿಯ ಗುಮಾಸ್ತರು ಕೊಡುವುದಿಲ್ಲ. ಅವರದು ತಪ್ಪೂ ಅಲ್ಲ.

ಹೆಸರಿನ ಹಂಬಲ ಅಂದಿರಿ. ಇದ್ದರೆ ಇರಲಿ. ಹೆಸರಿರುವ ನಿಧಿಯನ್ನು ಯಾರೋ ಒಬ್ಬರು, ಮಗಳೋ ಸಹಪಾಠಿಯೋ, ವರ್ಷಕ್ಕೊಮ್ಮೆ ‘ಏನಾಯಿತು’ ಎಂದು ವಿಚಾರಿಸುತ್ತಾರೆ. ಹೆಸರಿಲ್ಲದ ಹಣ ಸಾಮಾನ್ಯ ಖಾತೆಯಲ್ಲಿ ಸದ್ದಿಲ್ಲದೆ ಕರಗುತ್ತದೆ. ಅಸಲೆಷ್ಟು, ಹಂಚಿದ್ದೆಷ್ಟು, ಎಷ್ಟು ಮಂದಿಗೆ ಎಂಬ ವಾರ್ಷಿಕ ವರದಿ ಕೊಡಲೇಬೇಕು ಎಂದು ಪತ್ರದಲ್ಲೇ ಬರೆಸಿ.

ಕರಡು ಸಿದ್ಧವಾದ ಮೇಲೆ ವಕೀಲರಿಗೆ ತೋರಿಸುತ್ತೀರಿ, ತೋರಿಸಲೇಬೇಕು. ಸಹಿ ಹಾಕುವ ಮೊದಲು, ಈಗ ಎರಡನೆಯ ವರ್ಷದಲ್ಲಿ ಒದ್ದಾಡುತ್ತಿರುವ ಒಬ್ಬ ವಿದ್ಯಾರ್ಥಿನಿಗೂ ಅದನ್ನು ಓದಲು ಕೊಡಿ. ತಾನು ಯಾವ ಸಾಲಿನಲ್ಲಿ ಹೊರಬೀಳುತ್ತೇನೆಂದು ಆಕೆ ಬೆರಳಿಟ್ಟು ತೋರಿಸುತ್ತಾಳೆ. ಆ ಸಾಲನ್ನು ತಿದ್ದಿ, ಆಮೇಲೆ ನನಗೆ ಬರೆಯಿರಿ.

— ಸಂಪಾದಕ