ಬೀಗದ ಕೈ ಆ ಹುಡುಗನ ಹತ್ತಿರ ಇಲ್ಲ

ಈ ವಾರದ ಪತ್ರಗಳಲ್ಲಿ ಒಂದು ಸೈಟಿನ ಪಾಲಿನ ತಕರಾರಿತ್ತು, ಎರಡು ಮದುವೆ ವಿಷಯ ಇದ್ದವು. ಅವು ಮುಂದಿನ ವಾರಕ್ಕೆ ಇರಲಿ. ಪೀಣ್ಯದಿಂದ ಒಬ್ಬ ಹೆಣ್ಣುಮಗಳು ಬರೆದ ಪತ್ರ ಓದಿ ನನಗೆ ಸಿಟ್ಟು ಬಂದಿದೆ. ಅವರು ಯಾರ ಮೇಲೆ ದೂರು ಹೇಳಿದ್ದಾರೋ, ನನ್ನ ಸಿಟ್ಟು ಅವನ ಮೇಲಲ್ಲ.

ಹೆಸರು ಬೇಡ ಎಂದಿದ್ದೀರಿ, ಸರಿ. ಕಥೆ ಇಷ್ಟು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ನೀವು ಪರ್ಚೇಸ್ ನೋಡಿಕೊಳ್ಳುತ್ತೀರಿ. ಟರ್ನಿಂಗ್, ಪೌಡರ್ ಕೋಟಿಂಗ್, ಹೀಟ್ ಟ್ರೀಟ್‌ಮೆಂಟ್ ಎಲ್ಲ ಸುತ್ತಮುತ್ತಲ ಸಣ್ಣ ಶೆಡ್‌ಗಳಿಗೆ ಜಾಬ್ ವರ್ಕ್ ಹೋಗುತ್ತದೆ. ಅವರ ಬಿಲ್, ಕೊಟೇಶನ್ ಮೇಲ್‌ನಲ್ಲಿ ಬರುತ್ತವೆ. ಬರುತ್ತಿದ್ದವು ಅನ್ನಬೇಕು. ಕಂಪನಿ ಅನುಮಾನದ ಮೇಲ್ ತಡೆಯುವ ಹೊಸ ಮೇಲ್ ಫಿಲ್ಟರ್ ಹಾಕಿಸಿದ ಮೇಲೆ ಬಹಳಷ್ಟು ನಿಮ್ಮನ್ನು ಮುಟ್ಟುತ್ತಿಲ್ಲ. ಜಂಕ್ ಫೋಲ್ಡರ್‌ನಲ್ಲೂ ಇರುವುದಿಲ್ಲ. ಕೋಟಿಂಗ್ ಶೆಡ್ಡಿನ ಯಜಮಾನರು ಗೇಟಿನ ಹತ್ತಿರವೇ ನಿಲ್ಲಿಸಿ, "ಮೇಡಂ, ಮೂರು ಸಲ ಕಳಿಸಿದ್ದೀನಿ, ನೀವು ನೋಡೋದೇ ಇಲ್ಲ" ಎಂದು ಸೆಕ್ಯೂರಿಟಿಯವರ ಎದುರು ದಬಾಯಿಸಿದ್ದಾರೆ.

ಹೆಲ್ಪ್‌ಡೆಸ್ಕ್‌ಗೆ ಟಿಕೆಟ್ ಹಾಕಿದರೆ "ಕ್ಯಾಶೆ ಕ್ಲಿಯರ್ ಮಾಡಿ, ಸಿಸ್ಟಂ ರೀಸ್ಟಾರ್ಟ್ ಮಾಡಿ" ಎಂಬ ಉತ್ತರ. ಸಂಜೆಯೊಳಗೆ ಟಿಕೆಟ್ ಕ್ಲೋಸ್. ಆಮೇಲೆ "ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ" ಎಂದು ಒಂದು ಮೇಲ್. ಅದೊಂದು ಮಾತ್ರ ಫಿಲ್ಟರ್ ದಾಟಿಕೊಂಡು ತಪ್ಪದೆ ಬರುತ್ತದೆ!

ಇಷ್ಟೇ ಆಗಿದ್ದರೆ ನೀವು ನನಗೆ ಬರೆಯುತ್ತಿರಲಿಲ್ಲ. ಹೆಲ್ಪ್‌ಡೆಸ್ಕ್‌ನಲ್ಲಿ ಕೂತಿರುವ ಹುಡುಗ ನಿಮ್ಮ ನಾದಿನಿಯ ಮೈದುನ. ಕೆಲಸಕ್ಕೆ ಮಾತಾಡಿ ಸೇರಿಸಿದ್ದೂ ನೀವೇ. ಗುತ್ತಿಗೆ ನೌಕರಿ, ಒಂದು ದೂರು ಹೋದರೆ ಮನೆಗೆ. ಎಚ್‌ಆರ್‌ಗೆ ಹೇಳಿದರೆ ನಾದಿನಿಯ ಮನೆಯವರು ಹಬ್ಬಕ್ಕೂ ಕರೆಯುವುದಿಲ್ಲ. ಹೇಳದಿದ್ದರೆ ಅಪ್ರೈಸಲ್‌ನಲ್ಲಿ "ವೆಂಡರ್ ಫಾಲೋಅಪ್ ಸಾಲದು" ಎಂಬ ಷರಾ ನಿಮ್ಮ ಹೆಸರಿಗೆ. ದೂರು ಕೊಡಲೋ ಬೇಡವೋ, ಇದು ನಿಮ್ಮ ಪ್ರಶ್ನೆ.

ಬೇಡ. ಆದರೆ ನೀವು ಅಂದುಕೊಂಡಿರುವ ಕಾರಣಕ್ಕಲ್ಲ.

ಪತ್ರದ ಕೊನೆಯ ಭಾಗದಲ್ಲಿ ಒಂದು ಸಾಲು ಇದೆ. ನೀವು ಅದನ್ನು ಬರೆದು ಹಾಗೇ ಮುಂದೆ ಹೋಗಿದ್ದೀರಿ. "ಕೇಳಿದರೆ, ಅಕ್ಕಾ, ಆ ಪೋರ್ಟಲ್ ನನಗೆ ಓಪನ್ನೇ ಆಗಲ್ಲ ಅಂತ ನೆಪ ಹೇಳುತ್ತಾನೆ." ಇಷ್ಟು ದಿನದಲ್ಲಿ ನಿಮ್ಮ ಆಫೀಸಿನಲ್ಲಿ ಯಾರಾದರೂ ಈ ವಿಷಯದಲ್ಲಿ ನಿಜ ಹೇಳಿದ್ದರೆ ಅದು ಆ ಹುಡುಗ ಮಾತ್ರ. ನೀವು ಅದನ್ನು ನೆಪ ಅಂದುಬಿಟ್ಟಿರಿ.

ಹೆಲ್ಪ್‌ಡೆಸ್ಕ್‌ನ ಮೊದಲ ಸಾಲಿನಲ್ಲಿ ಕೂರುವವರಿಗೆ ಸಾಮಾನ್ಯವಾಗಿ ಕೊಡುವ ಅಧಿಕಾರ ಎಷ್ಟು ಗೊತ್ತಾ? ಪಾಸ್‌ವರ್ಡ್ ರೀಸೆಟ್, ಪ್ರಿಂಟರ್, ಹೊಸ ಲ್ಯಾಪ್‌ಟಾಪ್‌ಗೆ ಸಾಫ್ಟ್‌ವೇರ್ ಹಾಕುವುದು, ಇಂಥವು. ಮೇಲ್ ಫಿಲ್ಟರ್ ಇರುವುದು ಅಡ್ಮಿನ್ ಪೋರ್ಟಲ್‌ನಲ್ಲಿ, ಅಂದರೆ ಇಡೀ ಕಂಪನಿಯ ಮೇಲ್ ಸೆಟ್ಟಿಂಗ್ ಬದಲಿಸುವ ಜಾಗದಲ್ಲಿ. ಅದರ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುತ್ತದೆ. ಬಹಳ ಕಡೆ ಅವರು ಆ ಕಟ್ಟಡದಲ್ಲೇ ಇರುವುದಿಲ್ಲ. ಫಿಲ್ಟರ್ ಮಾರಿದ ಏಜೆನ್ಸಿಯವರೋ, ಹೆಡ್ ಆಫೀಸಿನವರೋ ನೋಡಿಕೊಳ್ಳುತ್ತಾರೆ. ಈ ಹುಡುಗನಿಗೆ ಕೊಟ್ಟಿರುವುದು ಒಂದು ಫೋನು, ಒಂದು ಉತ್ತರದ ಪಟ್ಟಿ, ಮತ್ತು ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಎಂದು ಕೇಳುವ ಒಬ್ಬ ಸೂಪರ್‌ವೈಸರ್. ಅವನು ಕ್ಯಾಶೆ ಕ್ಲಿಯರ್ ಮಾಡಿ ಅನ್ನದೆ ಇನ್ನೇನು ಅಂದಾನು?

ಹಾಗಂತ ಅವನು ಪೂರ್ತಿ ಸಾಚಾ ಅಂತ ನಾನು ಹೇಳುತ್ತಿಲ್ಲ. ಕೆಲಸ ಆಗದೆ ಟಿಕೆಟ್ ಮುಚ್ಚುವುದು ತಪ್ಪೇ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮೇಲ್‌ಗಳು ಎಲ್ಲಿ ಹೋಗಿವೆ ಎಂದು ಮೊದಲು ತಿಳಿದುಕೊಳ್ಳಿ. ಫಿಲ್ಟರ್‌ಗೆ ಅನುಮಾನ ಬಂದರೆ ಅದು ಮೇಲ್ ಅನ್ನು ವಾಪಸ್ ಕಳಿಸಬಹುದು. ಆಗ 550 ಅಂತಲೋ ಇನ್ನೇನೋ ನಂಬರಿರುವ ಒಂದು ಮೇಲ್ ಕಳಿಸಿದವರಿಗೆ ಬರುತ್ತದೆ. ಓ, ಮುಟ್ಟಿಲ್ಲ ಎಂದು ಅವರು ಫೋನಾದರೂ ಮಾಡುತ್ತಾರೆ. ಜಂಕ್‌ಗೆ ಹಾಕಿದರೆ ನೀವೇ ಹುಡುಕಿ ತೆಗೆಯಬಹುದು. ಇನ್ನೊಂದು ದಾರಿ ಕ್ವಾರಂಟೈನ್, ಅಂದರೆ ನಿಮಗೆ ಮುಟ್ಟಿಸದೆ ಬೇರೆ ಕಡೆ ತಡೆದಿಡುವುದು. ಇಲ್ಲಿ ಕಳಿಸಿದವರಿಗೆ ಮೇಲ್ ಹೋಯಿತು ಅಂತಲೇ ಕಾಣುತ್ತದೆ. ನಿಮಗೆ ಸೂಚನೆ ಕಳಿಸುವ ವ್ಯವಸ್ಥೆ ಆಫ್ ಆಗಿದ್ದರೆ ಬಂದದ್ದೇ ತಿಳಿಯುವುದಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಸಿಟ್ಟಾಗಿ ಕೂರುತ್ತೀರಿ. ಅದೂ ಶಾಶ್ವತವಾಗಿ ಇರುವುದಿಲ್ಲ. ಬಹಳ ಕಂಪನಿಗಳು ಬಳಸುವ ಮೈಕ್ರೋಸಾಫ್ಟ್ 365ರಲ್ಲಿ ಸ್ಪ್ಯಾಮ್ ಅಂತ ಹಿಡಿದದ್ದನ್ನು ಸೆಟ್ಟಿಂಗ್ ನೋಡಿಕೊಂಡು 15 ಅಥವಾ 30 ದಿನ ಇಟ್ಟು ಅಳಿಸಿಬಿಡುತ್ತಾರೆ. ಆಮೇಲೆ ಅಡ್ಮಿನ್‌ಗೂ ಸಿಗುವುದಿಲ್ಲ.

ಸಣ್ಣ ಶೆಡ್‌ನವರೇ ಜಾಸ್ತಿ ಸಿಕ್ಕಿಬೀಳುವುದಕ್ಕೂ ಕಾರಣ ಇದೆ. ಯಾವ ಸರ್ವರ್‌ಗಳು ನನ್ನ ಹೆಸರಲ್ಲಿ ಮೇಲ್ ಕಳಿಸಬಹುದು ಎಂದು ಪ್ರತಿ ಡೊಮೇನ್‌ನವರೂ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಒಂದು ಪಟ್ಟಿ ಪ್ರಕಟಿಸಬೇಕು. ಅದಕ್ಕೆ ಎಸ್‌ಪಿಎಫ್ ಅನ್ನುತ್ತಾರೆ. ಕೋಟಿಂಗ್ ಶೆಡ್ಡಿನ ಯಜಮಾನರಿಗೆ ಯಾರೋ ಪರಿಚಯದ ಹುಡುಗ ವೆಬ್‌ಸೈಟ್, ಮೇಲ್ ಮಾಡಿಕೊಟ್ಟಿರುತ್ತಾನೆ. ಬಿಲ್ ಹೋಗುವುದು ಮಾತ್ರ ಬಿಲ್ಲಿಂಗ್ ಸಾಫ್ಟ್‌ವೇರ್‌ನವರ ಸರ್ವರ್‌ನಿಂದ. ಅದರ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಫಿಲ್ಟರ್‌ಗೆ ಇದು ನಕಲಿ ಅನ್ನಿಸುತ್ತದೆ. ಜೊತೆಗೆ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಇದ್ದರೆ ಒಳಗೆ ನೋಡಲು ಆಗದು, ಅನುಮಾನ ಇನ್ನೂ ಹೆಚ್ಚು. ಮೇಲೆ "ಅರ್ಜೆಂಟ್ ಪೇಮೆಂಟ್" ಎಂಬ ಸಬ್ಜೆಕ್ಟ್ ಬೇರೆ. ಅಲ್ಲಿಗೆ ಮುಗಿಯಿತು. ಪಾಪ, ಅವರು ನಿಜವಾಗಿಯೂ ಅರ್ಜೆಂಟ್‌ನಲ್ಲೇ ಇರುತ್ತಾರೆ.

ಮೆಷಿನ್ನಿಗೆ ಜಾಸ್ತಿ ಅಧಿಕಾರ ಕೊಟ್ಟರೆ ಆಗುವ ತಮಾಷೆ ಹಳೆಯದು. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರಿಗೆ ಎಒಎಲ್ ಎಂಬ ಇಂಟರ್‌ನೆಟ್ ಕಂಪನಿಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರ ಹೆಸರಿನ ಸ್ಪೆಲ್ಲಿಂಗ್ ಒಳಗೆ ಒಂದು ಕೆಟ್ಟ ಪದ ಅಡಗಿತ್ತು ಅಂತ. ಅಂದರೂ ಫಿಲ್ಟರ್ ಬೇಡ ಅನ್ನುವವಳಲ್ಲ ನಾನು. ಅದಿಲ್ಲದಿದ್ದರೆ ನಿಮ್ಮ ಅಕೌಂಟ್ಸ್‌ನವರು ದಿನಾ ಯಾವನೋ ಕಳ್ಳನ ಬಿಲ್ ನೋಡುತ್ತಾ ಕೂರಬೇಕಾಗುತ್ತದೆ. ಫಿಲ್ಟರ್ ಇರಲಿ, ಅದು ಹಿಡಿದಿಟ್ಟದ್ದನ್ನು ದಿನಾ ಒಬ್ಬ ಮನುಷ್ಯ ನೋಡಲಿ. ಅಷ್ಟೇ ತಾನೇ?

ಇನ್ನು ನನಗೆ ಸಿಟ್ಟು ಬರಿಸಿದ ಮಹಾಶಯರ ವಿಷಯ. ನಿಮ್ಮ ಪರ್ಚೇಸ್ ಮ್ಯಾನೇಜರ್. ಪತ್ರದಲ್ಲಿ ಅವರು ಎರಡೇ ಕಡೆ ಬರುತ್ತಾರೆ, ಎರಡೂ ಕಡೆ ನೀವು ಅವರನ್ನು ಒಳ್ಳೆಯವರು ಅನ್ನುತ್ತೀರಿ. ಒಂದು ಕಡೆ, "ಸಾರ್‌ಗೆ ಈ ತೊಂದರೆ ಇಲ್ಲ, ಮೊದಲ ವಾರವೇ ಹೇಳಿ ತಮ್ಮ ಮೇಲ್‌ಬಾಕ್ಸ್‌ಗೆ ಫಿಲ್ಟರ್ ತೆಗೆಸಿಕೊಂಡರು." ಇನ್ನೊಂದು ಕಡೆ, "ಅಡ್ಜಸ್ಟ್ ಮಾಡ್ಕೊಳ್ಳಿ, ಅಲ್ಲಿವರೆಗೆ ನಿಮ್ಮ ಸ್ವಂತ ಜಿಮೇಲ್‌ಗೆ ತರಿಸ್ಕೊಳ್ಳಿ ಅಂದರು." ತಾಯೀ, ಇದನ್ನು ಎರಡನೇ ಸಲ ಓದಿಕೊಳ್ಳಿ. ಬೀಗ ತೆಗೆಯುವವರು ಯಾರು ಎಂದು ಅವರಿಗೆ ಗೊತ್ತು. ತಮ್ಮದನ್ನು ತೆಗೆಸಿಕೊಂಡು ಸುಮ್ಮನಾದರು. ಹಣದ ಅಧಿಕಾರ ಇರುವ ದೊಡ್ಡವರ ಹೆಸರಿನ ಮೇಲೇ ವಂಚಕರಿಗೆ ಕಣ್ಣು, ಅಂಥವರ ಪೆಟ್ಟಿಗೆಗೇ ಕಾವಲಿಲ್ಲ.

ಜಿಮೇಲ್ ಸಲಹೆ ಬಾಯಿಮಾತಲ್ಲಿ ಕೊಟ್ಟಿದ್ದಾರೆ, ನೋಡಿ. ನಾಳೆ ಯಾರೋ ಶೆಡ್ಡಿನವರ ಹೆಸರಲ್ಲಿ "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇದಕ್ಕೆ ಹಾಕಿ" ಎಂದು ನಿಮ್ಮ ಜಿಮೇಲ್‌ಗೆ ಬರೆಯುತ್ತಾರೆ. ನೀವು ಅಕೌಂಟ್ಸ್‌ಗೆ ಫಾರ್ವರ್ಡ್ ಮಾಡುತ್ತೀರಿ. ದುಡ್ಡು ಹೋಗುತ್ತದೆ. ಅಂಥ ಮೋಸಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬಹುದು, ಬೇಗ ಮಾಡಿದಷ್ಟೂ ಒಳ್ಳೆಯದು. ಆದರೆ ವಿಚಾರಣೆಯಲ್ಲಿ "ಸಾರ್ ಹೇಳಿದ್ದರು" ಅಂದರೆ ಸಾರ್ ನಿಮ್ಮ ಮುಖ ನೋಡುತ್ತಾರಾ? ಬಾಯಲ್ಲಿ ಹೇಳಿದ್ದು ಹೇಳಿದಂತಲ್ಲ. ಈ ಅಂಕಣ ಓದುವವರಿಗೆ ಇದನ್ನು ಕೇಳಿ ಕೇಳಿ ಸಾಕಾಗಿರಬಹುದು, ನನಗೆ ಹೇಳಿ ಸಾಕಾಗಿಲ್ಲ. ಜಿಮೇಲ್ ಇವತ್ತೇ ನಿಲ್ಲಿಸಿ.

ನೀವು ಮಾಡಬೇಕಾದ ಕೆಲಸ ಒಂದೇ. ಎಚ್‌ಆರ್‌ಗೆ ಹೋಗಬೇಡಿ, ಐಟಿಗೆ ಇನ್ನೊಂದು ಟಿಕೆಟ್ ಹಾಕಬೇಡಿ. ಅಕೌಂಟ್ಸ್ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಬರೆಯಿರಿ, ಮ್ಯಾನೇಜರ್‌ಗೆ ಪ್ರತಿ ಹಾಕಿ. ಮೇಲ್ ಕಳಿಸಿ, ಪ್ರಿಂಟನ್ನೂ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ.

ಅಕೌಂಟ್ಸ್ ಯಾಕೆ ಅಂದರೆ, ಆಫೀಸಿನಲ್ಲಿ ಸಂಕಟಕ್ಕೆ ಕಿವಿ ಇಲ್ಲ, ರೂಪಾಯಿಗೆ ಇದೆ. ಇದೂ ನನ್ನ ಹಳೇ ಮಾತು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯವರಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಲೆಕ್ಕ ಶುರುವಾಗುವುದು ಸರಕು ಒಪ್ಪಿಕೊಂಡ ದಿನದಿಂದ. ಬಿಲ್ಲಿನ ಮೇಲ್ ನಿಮಗೆ ಸಿಕ್ಕಿತೋ ಇಲ್ಲವೋ, ಕಾನೂನಿಗೆ ಅದು ಬೇಕಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಸಾಲದ್ದಕ್ಕೆ ಅಕೌಂಟ್ಸ್‌ನವರು 43ಬಿ(ಎಚ್) ಎಂದು ಕರೆಯುವ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಗಡುವು ದಾಟಿ, ಮಾರ್ಚ್ 31ರೊಳಗೂ ಹಣ ಕೊಡದೆ ಹೋದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ಇದನ್ನು ಓದಿದ ಅಕೌಂಟ್ಸ್ ಮುಖ್ಯಸ್ಥರು ಆ ಪೋರ್ಟಲ್ ಯಾರ ಕೈಯಲ್ಲಿದೆ ಎಂದು ಅವತ್ತೇ ಕೇಳುತ್ತಾರೆ. ನೀವು ಕೇಳಿದರೆ ಬರದ ಉತ್ತರ ಅವರಿಗೆ ಬರುತ್ತದೆ.

ಪತ್ರದಲ್ಲಿ ಅಳು ಬೇಡ, ವಿಶೇಷಣ ಬೇಡ. ಸಣ್ಣ ಉದ್ದಿಮೆ ಎಂಬ ಸರ್ಕಾರದ ಉದ್ಯಮ್ ನೋಂದಣಿ ಇರುವ ಶೆಡ್‌ಗಳಿಗೆ ಮಾತ್ರ ಫೋನ್ ಮಾಡಿ, ಮುಟ್ಟದ ಬಿಲ್ಲುಗಳ ವಿವರ ತರಿಸಿ. ಬಿಲ್ ನಂಬರ್, ಕಳಿಸಿದ ತಾರೀಖು, ಸರಕಿನ ಜೊತೆ ಬರುವ ಡೆಲಿವರಿ ಚಲನ್ ಮೇಲೆ ಸ್ಟೋರ್ಸ್‌ನವರು ಸೀಲ್ ಹಾಕಿದ ತಾರೀಖು, ಮೊತ್ತ. ಕೆಳಗೆ ಒಟ್ಟು ಎಷ್ಟು ರೂಪಾಯಿ ಎಂದು ದಪ್ಪಗೆ ಬರೆಯಿರಿ. ಆಮೇಲೆ ಎರಡು ಬೇಡಿಕೆ. ಕ್ವಾರಂಟೈನ್ ಪಟ್ಟಿ ದಿನಾ ಬೆಳಿಗ್ಗೆ ನಿಮಗೆ ಬರಲಿ. ಖಾಯಂ ವೆಂಡರ್‌ಗಳ ಡೊಮೇನ್‌ಗಳನ್ನು ಅಡ್ಮಿನ್ ಪರಿಶೀಲಿಸಿ ಅನುಮತಿ ಪಟ್ಟಿಗೆ ಸೇರಿಸಲಿ. ಕೊನೆಯಲ್ಲಿ ಒಂದೇ ಸಾಲು: "ಪರ್ಚೇಸ್ ಮ್ಯಾನೇಜರ್ ಅವರ ಮೌಖಿಕ ಸೂಚನೆಯಂತೆ ಸ್ವಂತ ಜಿಮೇಲ್ ಬಳಸುತ್ತಿದ್ದೆ, ಇಂದಿನಿಂದ ನಿಲ್ಲಿಸಿದ್ದೇನೆ." ಮ್ಯಾನೇಜರ್ ಸಾಹೇಬರ ಪ್ರತಿಯಲ್ಲಿ ಆ ಸಾಲಿಗೆ ಅಡಿಗೆರೆ ಎಳೆದರೂ ನನ್ನ ಅಭ್ಯಂತರವಿಲ್ಲ.

ಹುಡುಗನ ಹೆಸರು ಆ ಪುಟದಲ್ಲಿ ಎಲ್ಲೂ ಬರಬಾರದು. ನಾದಿನಿಗೆ ಈ ವಿಷಯ ಹೇಳುವ ಅಗತ್ಯವೂ ಇಲ್ಲ. ಅವನನ್ನು ಕ್ಯಾಂಟೀನಿಗೆ ಕರೆದು ಒಂದು ಟೀ ಕೊಡಿಸಿ ಇಷ್ಟು ಹೇಳಿ: "ನಿನ್ನ ಕೈಲಿ ಆಗದ ಟಿಕೆಟ್ ಮುಚ್ಚಬೇಡ ಕಣಪ್ಪ. ನನಗೆ ಈ ಪೋರ್ಟಲ್‌ಗೆ ಅಧಿಕಾರ ಇಲ್ಲ, ಇಂಥವರಿಗೆ ಕಳಿಸಿದ್ದೇನೆ ಅಂತ ಟಿಕೆಟ್‌ನಲ್ಲೇ ಬರೆದು ಮೇಲಿನವರಿಗೆ ದಾಟಿಸು." ಸೂಪರ್‌ವೈಸರ್ ಬೈದರೆ ಬೈಯಲಿ. ನಾಳೆ ಬಿಲ್ಲುಗಳು ಯಾಕೆ ತಡವಾದವು ಎಂದು ಅಕೌಂಟ್ಸ್‌ನವರು ಹುಡುಕುತ್ತಾ ಬಂದಾಗ ಅವನ ಕೆಲಸ ಉಳಿಸುವುದು ಆ ಸಾಲೇ.