ಡಿಬಿಟಿ ಶುರುವಾಗುತ್ತಿದೆ, ನನ್ನಿಂದ ಆಗುತ್ತಾ?

ಪ್ರಶ್ನೆ: ನನಗೆ 24 ವರ್ಷ. ದಾವಣಗೆರೆಯ ವಿದ್ಯಾನಗರದಲ್ಲಿ ಅಮ್ಮ, ತಮ್ಮನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಅಕೌಂಟ್ಸ್ ಕೆಲಸ. ಸಣ್ಣ ಮಾತಿಗೂ ಸಿಟ್ಟು, ಅಳು ತಡೆಯೋಕಾಗಲ್ಲ. ಕೆಲವು ಸಲ ನನಗೆ ನಾನೇ ನೋವು ಮಾಡಿಕೊಂಡಿದ್ದೇನೆ. ಹೋದ ಭಾನುವಾರ ಗೆಳತಿ ನನ್ನ ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ. ನಾನು ಅಳುತ್ತಿದ್ದಾಗ ಅಮ್ಮ 'ಮತ್ತೆ ಶುರು ಆತೇನು ನಿನ್ನ ನಾಟಕ?' ಅಂದರು. ಫೋನ್ ಗೋಡೆಗೆ ಎಸೆದೆ. ಆಮೇಲೆ ಮತ್ತೆ ಹಾಗೇ ಮಾಡಿಕೊಂಡೆ. ಮನೋವೈದ್ಯರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಂಬಂಧಗಳು ಹತೋಟಿಗೆ ಸಿಗದ ಮಾನಸಿಕ ತೊಂದರೆ) ಎಂದಿದ್ದಾರೆ, ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅನ್ನೋ ಮಾತಿನ ಚಿಕಿತ್ಸೆ, ತಗೊಳ್ಳಿ ಎಂದಿದ್ದಾರೆ. ಬೆಂಗಳೂರಿನ ಥೆರಪಿಸ್ಟ್ ಒಬ್ಬರ ಜೊತೆ ಮುಂದಿನ ವಾರ ಆನ್‌ಲೈನ್‌ನಲ್ಲಿ ಶುರು. ಗುಂಪಿನ ಕ್ಲಾಸೂ ಇದೆಯಂತೆ. ಎಲ್ಲರೆದುರು ನನ್ನ ಕಥೆ ಹೇಳಬೇಕಾ? ಮತ್ತೆ ತಪ್ಪು ಮಾಡಿದರೆ ಬಿಟ್ಟುಬಿಡುತ್ತಾರಾ? ಅಮ್ಮನಿಗೆ ಎಲ್ಲಾ ಹೇಳಿಬಿಡುತ್ತಾರಾ? ಇಷ್ಟು ವರ್ಷ ಆಗದ್ದು ಈಗ ಆಗುತ್ತಾ?

ಉತ್ತರ: ಎಲ್ಲಕ್ಕಿಂತ ಮುಂಚೆ ಒಂದು ಮಾತು. ಸಾಯಬೇಕು ಅನ್ನೋ ಯೋಚನೆ ಜೋರಾದರೆ ಮುಂದಿನ ವಾರದವರೆಗೆ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಅನ್ನಿಸಿದರೆ ಚಿಗಟೇರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಮೈಗೆ ಗಾಯ ಆಗಿದ್ದರೆ ಅದನ್ನೂ ತೋರಿಸಿ, ಮುಚ್ಚಿಡಬೇಡಿ.

ಈಗ ಡಿಬಿಟಿ ವಿಷಯ. ಇದನ್ನು ರೂಪಿಸಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಪದೇ ಪದೇ ಸಾಯುವ ಯೋಚನೆ ಬರುವವರಿಗೆ, ತಮಗೆ ತಾವೇ ನೋವು ಮಾಡಿಕೊಳ್ಳುವವರಿಗೆ ಅಂತಲೇ ಅವರು ಇದನ್ನು ಕಟ್ಟಿದರು. ಇದು ಕೆಲಸ ಮಾಡುತ್ತದೆ ಎಂದು ತೋರಿಸಿದ ಮೊದಲ ಅಧ್ಯಯನ ಬಂದದ್ದು 1991ರಲ್ಲಿ. 2011ರಲ್ಲಿ ಅವರು ಇನ್ನೊಂದು ಸಂಗತಿಯನ್ನು ಎಲ್ಲರೆದುರು ಹೇಳಿದರು. ಹದಿಹರೆಯದಲ್ಲಿ ತಾವೂ ತಮ್ಮ ಮೈಗೆ ನೋವು ಮಾಡಿಕೊಳ್ಳುತ್ತಿದ್ದರು, ಎರಡು ವರ್ಷಕ್ಕೂ ಜಾಸ್ತಿ ಮಾನಸಿಕ ಆಸ್ಪತ್ರೆಯಲ್ಲಿದ್ದರು. ನಿಮ್ಮ ಸಂಕಟ ಒಳಗಿನಿಂದ ಗೊತ್ತಿದ್ದವರೇ ಈ ದಾರಿ ಮಾಡಿದ್ದಾರೆ. ಅದಕ್ಕೇ ಇಲ್ಲಿ ನಿಮ್ಮನ್ನು ಯಾರೂ 'ನಾಟಕ ಮಾಡುವವಳು' ಎಂದು ನೋಡಲ್ಲ.

ಡಿಬಿಟಿ ಹೇಳೋದು ಇಷ್ಟು. ಕೆಲವರಿಗೆ ಹುಟ್ಟಿನಿಂದಲೇ ಭಾವನೆ ಬೇಗ ಏರುತ್ತದೆ, ಜೋರಾಗಿ ಏರುತ್ತದೆ, ಇಳಿಯೋಕೆ ತುಂಬಾ ಹೊತ್ತು ಹಿಡಿಯುತ್ತದೆ. ಅಂಥವರ ಸುತ್ತಲಿನವರು 'ಅಷ್ಟಕ್ಕೆಲ್ಲ ಯಾರು ಅಳ್ತಾರೆ' ಅಂತಲೇ ಇದ್ದರೆ, ಆ ಭಾವನೆಯನ್ನು ಏನು ಮಾಡಬೇಕು ಅನ್ನೋದನ್ನು ಕಲಿಯೋಕೆ ಅವಕಾಶವೇ ಸಿಗಲ್ಲ. ಇದರಲ್ಲಿ ಅಮ್ಮನನ್ನು ಅಪರಾಧಿ ಮಾಡುವ ಉದ್ದೇಶ ಇಲ್ಲ. ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸಿಗೂ ಇದನ್ನು ಯಾರೂ ಕಲಿಸಿರಲ್ಲ, ಅಲ್ವಾ? ಕಲಿಯದೇ ಉಳಿದದ್ದನ್ನು 24ರಲ್ಲೂ ಕಲಿಯಬಹುದು. ನೀವು ಈಗಲೂ ನಿಮ್ಮ ಕೈಲಾದಷ್ಟು ಮಾಡುತ್ತಿದ್ದೀರಿ. ಹಾಗಿದ್ದೂ ಬದಲಾಗಬೇಕಿದೆ. ಎರಡೂ ನಿಜ. ಥೆರಪಿಸ್ಟ್ ಈ ಎರಡನ್ನೂ ನಿಮಗೆ ಹೇಳುತ್ತಲೇ ಇರುತ್ತಾರೆ. ಕೆಲವು ದಿನ ಮೊದಲನೆಯದು ಮಾತ್ರ ಕೇಳಬೇಕು ಅನ್ನಿಸುತ್ತದೆ. ಎರಡನೆಯದನ್ನು ಹೇಳಿದಾಗ ಸಿಟ್ಟು ಬರುತ್ತದೆ. ಬಂದರೆ ಅದನ್ನೂ ಅಲ್ಲೇ ಹೇಳಿ.

ಮೊದಲ ಕೆಲವು ಭೇಟಿಗಳಲ್ಲಿ ಥೆರಪಿ ಇನ್ನೂ ಪೂರ್ತಿ ಶುರುವಾಗಿರಲ್ಲ. ನೀವಿಬ್ಬರೂ ಒಪ್ಪಂದಕ್ಕೆ ಬರುವ ಹೊತ್ತು ಅದು. ಎಷ್ಟು ತಿಂಗಳು, ಯಾವ ಗುರಿ, ಫೋನ್ ಯಾವಾಗ ಮಾಡಬಹುದು, ಫೀಸ್ ಎಷ್ಟು, ಎಲ್ಲಾ ಮಾತಾಗುತ್ತದೆ. ಜೀವಕ್ಕೆ ಅಪಾಯ ತರುವ ಕೆಲಸ ನಿಲ್ಲಿಸೋಕೆ ಪ್ರಯತ್ನ ಮಾಡುತ್ತೀರಾ ಎಂದು ನೇರವಾಗಿ ಕೇಳುತ್ತಾರೆ. ಪೂರ್ತಿ ಡಿಬಿಟಿ ಅಂದರೆ ನಾಲ್ಕು ಸೇರಬೇಕು: ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಒಬ್ಬರೇ ಮಾತು, ವಾರಕ್ಕೊಮ್ಮೆ ಗುಂಪಿನ ಕ್ಲಾಸ್, ಮಧ್ಯೆ ಬೇಕಾದಾಗ ಫೋನ್ ಸಹಾಯ, ಮತ್ತು ಥೆರಪಿಸ್ಟ್‌ಗಳು ತಮ್ಮೊಳಗೇ ಸೇರಿ ಚರ್ಚಿಸುವ ತಂಡ. ನಮ್ಮ ಕಡೆ ನಾಲ್ಕನ್ನೂ ಕೊಡುವವರು ಕಡಿಮೆ. ಆದ್ದರಿಂದ ಮೊದಲ ದಿನವೇ ಸಂಕೋಚವಿಲ್ಲದೆ ಕೇಳಿ, 'ಇದರಲ್ಲಿ ನೀವು ಯಾವ್ಯಾವುದನ್ನು ಕೊಡ್ತೀರಿ? ಡಿಬಿಟಿಯಲ್ಲಿ ನಿಮ್ಮ ತರಬೇತಿ ಏನು? ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ?' ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲ್ಲ.

ಗುಂಪಿನ ಬಗ್ಗೆ ನಿಮಗಿರುವ ಭಯ ಬಿಡಿ. ಅಲ್ಲಿ ಯಾರೂ ನಿಮ್ಮ ಜೀವನದ ಕಥೆ ಕೇಳಲ್ಲ. ಅದು ನಿಜಕ್ಕೂ ಕ್ಲಾಸೇ. ಸಾಮಾನ್ಯವಾಗಿ ಎರಡು, ಎರಡೂವರೆ ಗಂಟೆ. ಪಾಠ ಇರುತ್ತದೆ, ಹಾಳೆ ಕೊಡುತ್ತಾರೆ, ಹೋಮ್‌ವರ್ಕ್ ಇರುತ್ತದೆ, ಮುಂದಿನ ವಾರ ಅದನ್ನು ಕೇಳುತ್ತಾರೆ. ಮೈಗೆ ನೋವು ಮಾಡಿಕೊಂಡ ವಿವರಗಳನ್ನು ಅಲ್ಲಿ ಹೇಳುವ ಹಾಗೇ ಇಲ್ಲ, ಕೇಳಿದವರಿಗೂ ಆ ಆಸೆ ಕೆರಳುತ್ತದೆ ಅನ್ನೋ ಕಾರಣಕ್ಕೆ. ಕಲಿಸೋದು ನಾಲ್ಕು ವಿಷಯ. ಈ ಕ್ಷಣದಲ್ಲಿ ಏನಾಗುತ್ತಿದೆ ಎಂದು ಗಮನಿಸೋದು, ಸಂಕಟದ ಹೊತ್ತನ್ನು ಇನ್ನೂ ಹಾಳು ಮಾಡಿಕೊಳ್ಳದೆ ದಾಟೋದು, ಭಾವನೆಯನ್ನು ಗುರುತಿಸಿ ಹದ ಮಾಡೋದು, ಸಂಬಂಧ ಕೆಡಿಸಿಕೊಳ್ಳದೆ ಬೇಕಾದ್ದು ಕೇಳೋದು ಮತ್ತು ಬೇಡ ಅನ್ನೋದು. ಒಂದು ಸುತ್ತು ಮುಗಿಯೋಕೆ ಸುಮಾರು 24 ವಾರ. ಹೆಚ್ಚಿನವರು ಎರಡು ಸುತ್ತು ಮಾಡುತ್ತಾರೆ, ಅಂದರೆ ಒಂದು ವರ್ಷ. ಸ್ಕೂಟಿ ಕಲಿಯುವವರು ಖಾಲಿ ಮೈದಾನದಲ್ಲಿ ಕಲಿತು ಆಮೇಲೆ ಪಿ.ಬಿ. ರಸ್ತೆಗೆ ಇಳಿಯುತ್ತಾರೆ. ಇದೂ ಹಾಗೇ, ಮನಸ್ಸು ಸರಿಯಿದ್ದ ದಿನಗಳಲ್ಲೇ ಅಭ್ಯಾಸ ಆಗಿರಬೇಕು.

ಇನ್ನು ಡೈರಿ ಕಾರ್ಡ್. ಮೊದಲು ಬೇಸರ ತರಿಸೋದು ಇದೇ. ದಿನಾ ರಾತ್ರಿ ಒಂದು ಸಾಲು ತುಂಬಬೇಕು. ಸಿಟ್ಟು ಎಷ್ಟಿತ್ತು, ನಾಚಿಕೆ ಎಷ್ಟು, ನೋವು ಮಾಡಿಕೊಳ್ಳಬೇಕು ಅನ್ನೋ ತುಡಿತ ಎಷ್ಟು, ಎಲ್ಲಕ್ಕೂ 0ಯಿಂದ 5ರವರೆಗೆ ಅಂಕಿ. ಕಲಿತದ್ದರಲ್ಲಿ ಯಾವುದನ್ನು ಬಳಸಿದಿರಿ ಅನ್ನೋದೂ ಬರೆಯಬೇಕು. ಲೆಕ್ಕ ಬರೆಯೋ ಕೆಲಸ ನಿಮಗೆ ಹೊಸದಲ್ಲ, ಆದರೂ ಇಲ್ಲಿ ಸುಳ್ಳು ಅಂಕಿ ಹಾಕುವ ಆಸೆ ಬರುತ್ತದೆ. ಥೆರಪಿಸ್ಟ್‌ಗೆ ಬೇಜಾರಾಗಬಾರದು ಅಂತ 4 ಇದ್ದದ್ದನ್ನು 2 ಮಾಡಬೇಡಿ. ಆ ವಾರ ಯಾವುದನ್ನು ಮೊದಲು ಮಾತಾಡಬೇಕು ಅನ್ನೋದನ್ನು ಅವರು ಆ ಕಾರ್ಡ್ ನೋಡಿಯೇ ತೀರ್ಮಾನ ಮಾಡೋದು. ಜೀವಕ್ಕೆ ಅಪಾಯದ ವಿಷಯ ಇದ್ದರೆ ಅದೇ ಮೊದಲು. ಆಮೇಲೆ ಥೆರಪಿಗೇ ಅಡ್ಡ ಬರುವ ಸಂಗತಿ. ಉಳಿದದ್ದೆಲ್ಲ ನಂತರ.

ಕಾರ್ಡಿನಲ್ಲಿ ಹೋದ ಭಾನುವಾರದಂಥ ದಿನ ಕಂಡರೆ ಏನಾಗುತ್ತದೆ? ಬೈಗುಳ ಇರಲ್ಲ, ಸುಮ್ನೆ ಸಮಾಧಾನವೂ ಇರಲ್ಲ. ಸರಪಳಿ ಬಿಡಿಸಿದ ಹಾಗೆ ಒಂದೊಂದೇ ಕೊಂಡಿ ಕೇಳುತ್ತಾರೆ, ಇದಕ್ಕೆ ಚೈನ್ ಅನಾಲಿಸಿಸ್ ಅನ್ನುತ್ತಾರೆ. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ? ಮಧ್ಯಾಹ್ನ ಊಟ ಆಗಿತ್ತಾ? ಮೆಸೇಜಿಗೆ ಎರಡು ನೀಲಿ ಗೆರೆ ಬಂದಾಗ ತಲೆಯಲ್ಲಿ ಬಂದ ಮೊದಲ ಮಾತು ಏನು? 'ಅವಳಿಗೆ ನಾನು ಬೇಡ' ಅಂತಲಾ? ಆಗ ಮೈಯಲ್ಲಿ ಏನಾಯಿತು, ಗಂಟಲು ಕಟ್ಟಿತಾ, ಎದೆ ಬಿಗಿಯಿತಾ? ಅಮ್ಮ ಆ ಮಾತು ಅಂದದ್ದು ಅದಾಗಿ ಎಷ್ಟು ಹೊತ್ತಿಗೆ? ಫೋನ್ ಎಸೆದಾಗ ಮೊದಲು ಹಗುರ ಅನ್ನಿಸಿತಾ, ನಾಚಿಕೆ ಅನ್ನಿಸಿತಾ? ನೋವು ಮಾಡಿಕೊಂಡ ಮೇಲೆ ಏನು ಬದಲಾಯಿತು, ಅಮ್ಮ ಹತ್ತಿರ ಬಂದರಾ, ಮನೆ ಸುಮ್ಮನಾಯಿತಾ? ಹೀಗೆ ಕೇಳಿಸಿಕೊಳ್ಳೋದು ಸುಲಭ ಅಲ್ಲ. ಪೊಲೀಸ್ ವಿಚಾರಣೆ ಅನ್ನಿಸಬಹುದು. ಆದರೆ ನಿಮಗೆ ಒಂದೇ ಏಟಿಗೆ ಆದದ್ದು ಅನ್ನಿಸಿದ ಆ ಸಂಜೆಯಲ್ಲಿ ಹತ್ತಾರು ಹೆಜ್ಜೆ ಇದ್ದವು ಅನ್ನೋದು ಆಗ ಕಾಣುತ್ತದೆ. ಪ್ರತಿ ಹೆಜ್ಜೆಯಲ್ಲೂ ಬೇರೆ ಏನಾದರೂ ಮಾಡೋಕೆ ಜಾಗ ಇತ್ತು. ಮೆಸೇಜಿನ ಹೊತ್ತಿಗೆ ಆದರೆ, ಅವಳು ಕೆಲಸದಲ್ಲಿರಬಹುದಾ ಎಂದು ನಿಜ ಪರೀಕ್ಷಿಸೋದು. ಎದೆ ಬಿಗಿದ ಹೊತ್ತಿಗೆ ಆದರೆ, ಬಚ್ಚಲಿಗೆ ಹೋಗಿ ಬಕೆಟ್ಟಿನ ತಣ್ಣೀರಿನಲ್ಲಿ ಉಸಿರು ಹಿಡಿದು ಅರ್ಧ ನಿಮಿಷ ಮುಖ ಇಡೋದು. ತಣ್ಣೀರು ಮುಖಕ್ಕೆ ತಾಕಿದಾಗ ಎದೆಬಡಿತ ತಾನಾಗೇ ನಿಧಾನ ಆಗುತ್ತದೆ, ಅದು ದೇಹದ ಗುಣ. ಹೃದಯದ ತೊಂದರೆ ಇರುವವರು ಅಥವಾ ಊಟ ತೀರಾ ಬಿಟ್ಟವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು. ನೀವೂ ಒಮ್ಮೆ ಕೇಳಿಬಿಡಿ.

ಮತ್ತೆ ತಪ್ಪು ಮಾಡಿದರೆ ಬಿಟ್ಟುಬಿಡುತ್ತಾರಾ ಅಂದಿರಿ. ಇಲ್ಲ. ಮತ್ತೆ ನೋವು ಮಾಡಿಕೊಂಡಿರಿ ಅನ್ನೋ ಕಾರಣಕ್ಕೆ ಡಿಬಿಟಿಯಿಂದ ಹೊರಗೆ ಹಾಕಲ್ಲ, ಆ ಕಷ್ಟ ಇದೆ ಅಂತಲೇ ತಾನೇ ಸೇರಿಸಿಕೊಳ್ಳೋದು. ಆದರೆ ಎರಡು ನಿಯಮ ಮುಂಚೆಯೇ ತಿಳಿದಿರಲಿ. ತುಡಿತ ಬಂದಾಗ, ಏನೂ ಮಾಡಿಕೊಳ್ಳುವ ಮುಂಚೆ ಫೋನ್ ಮಾಡಬೇಕು. ಮಾಡಿಕೊಂಡ ಮೇಲೆ 24 ಗಂಟೆ, ಜೀವಕ್ಕೆ ಅಪಾಯ ಇದ್ದರೆ ಬಿಟ್ಟು, ಥೆರಪಿಸ್ಟ್ ಹೆಚ್ಚುವರಿ ಫೋನ್ ಮಾತಿಗೆ ಸಿಗಲ್ಲ. ಇದು ಶಿಕ್ಷೆ ಅಂತ ಅನ್ನಿಸುತ್ತದೆ, ಬಿಟ್ಟುಹೋಗುವ ಭಯ ಇರುವವರಿಗಂತೂ ತುಂಬಾ ಚುಚ್ಚುತ್ತದೆ. ಸಹಾಯ ಸಿಗೋದು ನೋವಿನ ನಂತರ ಅಲ್ಲ, ಮುಂಚೆ ಎಂದು ಮನಸ್ಸಿಗೆ ಕಲಿಸೋಕೆ ಮಾಡಿದ ನಿಯಮ ಅದು. ಎರಡನೆಯದು ಹಾಜರಿ. ಸತತ ನಾಲ್ಕು ವಾರ ತಪ್ಪಿಸಿದರೆ ಒಪ್ಪಂದದ ಅವಧಿ ಮುಗಿಯುವವರೆಗೆ ಹೊರಗಿರಬೇಕಾಗುತ್ತದೆ. ನಿಮ್ಮ ಥೆರಪಿಸ್ಟ್ ಇವನ್ನು ಹೇಗೆ ಪಾಲಿಸುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ.

ನಾನು ಒತ್ತಿ ಹೇಳಬೇಕು ಅಂದುಕೊಂಡದ್ದು ಇಲ್ಲಿದೆ. ಡಿಬಿಟಿ ಬಿಡುವವರೆಲ್ಲ ಅದು ಕೆಲಸ ಮಾಡಲಿಲ್ಲ ಅಂತ ನೋಡಿ ಬಿಡಲ್ಲ. ಕಾರ್ಡ್ ತುಂಬಿಲ್ಲ, ಹೇಗೆ ಮುಖ ತೋರಿಸಲಿ ಎಂದು ಕೆಲವರು ಒಂದು ವಾರ ತಪ್ಪಿಸುತ್ತಾರೆ. ಆ ನಾಚಿಕೆಗೆ ಇನ್ನೊಂದು ವಾರ. ನಿಮಗೂ ಆ ದಿನ ಬರುತ್ತದೆ, ಬಹುಶಃ ಎರಡನೇ ತಿಂಗಳ ಹೊತ್ತಿಗೆ. ಅವತ್ತು ಖಾಲಿ ಕಾರ್ಡ್ ಹಿಡಿದುಕೊಂಡೇ ಕೂತುಕೊಳ್ಳಿ. 'ನನಗೆ ಇವತ್ತು ಬರೋಕೇ ಮನಸ್ಸಿರಲಿಲ್ಲ, ನಿಮ್ಮ ಮೇಲೆ ಸಿಟ್ಟಿದೆ' ಅಂತ ಹೇಳಿ. ಆ ಮಾತಿಗೆ ಡಿಬಿಟಿಯಲ್ಲಿ ಜಾಗ ಇದೆ, ಅದೂ ಎರಡನೇ ಸ್ಥಾನದಲ್ಲಿ. ಥೆರಪಿಸ್ಟ್ ಕಡೆಯಿಂದ ತಪ್ಪಾಗಿದ್ದರೆ ಅದೂ ಅಷ್ಟೇ ಮುಖ್ಯವಾಗಿ ಚರ್ಚೆಗೆ ಬರಬೇಕು, ಅವರು ತಡವಾಗಿ ಬಂದರೂ, ನಿಮ್ಮ ಮಾತು ಸರಿಯಾಗಿ ಕೇಳಿಸಿಕೊಳ್ಳದಿದ್ದರೂ.

ಮಾತ್ರೆ ಕೊಟ್ಟಿದ್ದರೆ ಥೆರಪಿ ಶುರುವಾಯಿತು ಅಂತ ನೀವೇ ನಿಲ್ಲಿಸಬೇಡಿ. ಮನೋವೈದ್ಯರನ್ನು ಕೇಳಿಯೇ ತೀರ್ಮಾನ.

ಇಷ್ಟು ವರ್ಷ ಆಗದ್ದು ಈಗ ಆಗುತ್ತಾ? ಇಷ್ಟು ವರ್ಷ ನಿಮಗೆ ಸಿಕ್ಕದ್ದು 'ಮನಸ್ಸು ಗಟ್ಟಿ ಮಾಡ್ಕೋ' ಅನ್ನೋ ಬುದ್ಧಿಮಾತು. ಹೇಗೆ ಗಟ್ಟಿ ಮಾಡಿಕೊಳ್ಳೋದು ಎಂದು ಯಾರೂ ತೋರಿಸಲಿಲ್ಲ. ಈಗ ತೋರಿಸುತ್ತಾರೆ. ಭಾವನೆ ಜೋರಾಗಿ ಬರೋದು ತಕ್ಷಣ ನಿಲ್ಲಲ್ಲ. ಬಂದಾಗ ನೀವು ಮಾಡುವ ಕೆಲಸ ಮೊದಲು ಬದಲಾಗುತ್ತದೆ. ಒಂದು ಭಾನುವಾರ ಫೋನ್ ಎಸೆಯದೇ ಉಳಿಯುತ್ತದೆ, ಮುಂದಿನ ವಾರ ಮತ್ತೆ ಎಸೆಯಬಹುದು. ಏರುಪೇರು ಇದ್ದೇ ಇರುತ್ತದೆ.

ಕೊನೆಗೆ ಅಮ್ಮನ ವಿಷಯ. ನೀವು ವಯಸ್ಕರು. ನೀವು ಹೇಳಿದ್ದನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಆದರೆ ಜೀವಕ್ಕೆ ಅಪಾಯ ಕಂಡಾಗ ಮನೆಯವರಿಗೆ ತಿಳಿಸಬೇಕಾಗಬಹುದು. ಯಾರಿಗೆ, ಯಾವಾಗ ತಿಳಿಸುತ್ತಾರೆ ಎಂದು ಮೊದಲ ಭೇಟಿಯಲ್ಲೇ ಮಾತಾಡಿಕೊಳ್ಳಿ. ನಿಮಗೆ ಈಗ ಬೇಕಾಗಿರೋದು ಮುಚ್ಚಿದ ಬಾಗಿಲಿನ ಹಿಂದೆ ಒಂದು ಗಂಟೆ. ಅದನ್ನು ಕೇಳೋಕೂ ಡಿಬಿಟಿಯಲ್ಲಿ ಒಂದು ಕ್ರಮ ಇದೆ. ಆದದ್ದು ಹೇಳಿ, ಅನ್ನಿಸಿದ್ದು ಹೇಳಿ, ಬೇಕಾದ್ದು ನೇರ ಕೇಳಿ, ಕೊಟ್ಟರೆ ಅವರಿಗೇನು ಒಳ್ಳೆಯದು ಅನ್ನೋದನ್ನೂ ಹೇಳಿ. 'ಅಮ್ಮ, ಬುಧವಾರ ಸಂಜೆ ಆರಕ್ಕೆ ಡಾಕ್ಟರ್ ಹೇಳಿದ ಥೆರಪಿ ಇದೆ. ನೀವೆಲ್ಲ ಓಡಾಡ್ತಿದ್ರೆ ನಂಗೆ ಬಾಯಿ ಬಿಡೋಕೆ ಮುಜುಗರ. ಏಳರವರೆಗೂ ರೂಮಿನ ಬಾಗಿಲು ಹಾಕ್ಕೋತೀನಿ, ಯಾರೂ ಬಡೀಬೇಡಿ. ಮುಗಿದ ಮೇಲೆ ರೊಟ್ಟಿ ನಾನೇ ತಟ್ತೀನಿ.' ಅವರು ಬೇರೆ ಜಗಳ ತೆಗೆದರೆ ಅದಕ್ಕೆ ಉತ್ತರ ಕೊಡೋಕೆ ಹೋಗದೆ ಇದನ್ನೇ ಇನ್ನೊಮ್ಮೆ ಮೆತ್ತಗೆ ಹೇಳಿ. ಒಪ್ಪದೇ ಹೋದರೆ ಥೆರಪಿಸ್ಟ್‌ಗೆ ತಿಳಿಸಿ ಹೊತ್ತು ಬದಲಿಸಿಕೊಳ್ಳಿ. ಅಮ್ಮ ದುಗ್ಗಮ್ಮನ ಗುಡಿಗೋ ಸಂತೆಗೋ ಹೋಗುವ ಹೊತ್ತಾದರೂ ಆಗುತ್ತದೆ. ಇಯರ್‌ಫೋನ್ ಮಾತ್ರ ಮರೆಯಬೇಡಿ.